ಆಕೆ ಹೇಳಿದ್ದು, ನಾನು ಕೇಳಿದ್ದು

ಹಟ್ಟಿಯಲ್ಲಿ ಹುಟ್ಟಿ ಬೆಳೆದವಳಿಗೆ ಗದ್ದೆಯ ಮಾತು ತಟ್ಟನೆ ತಲೆಗೆ ಹೋಗುವುದಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ನೆಪ ಹೇಳಿ ಹೇಳಿ ನನಗೇ ಸಾಕಾಗಿದೆ. ಅಪ್ಪ ಅಲ್ಲಿಯ ಚಿನ್ನದ ಗಣಿಯೊಳಗೆ ಇಳಿಯುವ ಕೆಲಸಗಾರ. ಕಂಪನಿ ಕೊಟ್ಟ ಮನೆ, ಪಾಳಿಯ ಸೈರನ್, ಕಲ್ಲು, ಧೂಳು. ಆ ಸಾಲಿನ ಮನೆಗಳಲ್ಲಿ ‘ಎಣ್ಣಿ ಹೊಡದಾನ’ ಅಂದರೆ ಕುಡಿದು ಬಂದಿದ್ದಾನೆ ಎಂದೇ ಅರ್ಥ. ಅವ್ವ ವಾರಕ್ಕೆ ನಾಲ್ಕು ಸಲವಾದರೂ ಅಪ್ಪನ ಬಗ್ಗೆ ಆ ಮಾತು ಹೇಳುತ್ತಿದ್ದಳು, ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಅದೇ ಮಾತಿಗೆ ಬೇರೆ ಅರ್ಥ. ಅಲ್ಲಿ ಎಣ್ಣಿ ಅಂದರೆ ನೆಲ್ಲಿಗೆ, ಅಂದರೆ ಭತ್ತಕ್ಕೆ, ಸಿಂಪಡಿಸುವ ಕ್ರಿಮಿನಾಶಕ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷ ಸಿಂಧನೂರಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ನಾನು. ಲಿಂಗಸುಗೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಮಸ್ಕಿ ದಾಟಿ ಸಿಂಧನೂರಿಗೆ ಹೋಗುತ್ತಿದ್ದೆ. ಗೊತ್ತಿದ್ದೂ ಆ ಮಧ್ಯಾಹ್ನ ನನ್ನ ಕಿವಿ ಹಟ್ಟಿಗೆ ಹೋಗಿಬಿಟ್ಟಿತು.

ಊಟದ ಹೊತ್ತು. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಗೊರೇಬಾಳ ಕಡೆಯ ಒಬ್ಬ ಹೆಂಗಸು ಗಂಡನನ್ನು ಆಟೋದಿಂದ ಇಳಿಸಿ, ಹೆಗಲಿಗೆ ಹಾಕಿಕೊಂಡೇ ಒಳಗೆ ತಂದಳು. ಅವನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಕಾಲು ನಿಲ್ಲುತ್ತಿರಲಿಲ್ಲ. ಬಾಗಿಲಲ್ಲೇ ವಾಂತಿ ಮಾಡಿಕೊಂಡ. ಆಕೆ ಹೇಳಿದ್ದು ಇಷ್ಟು:

“ಮುಂಜಾನಿಂದ ಎಣ್ಣಿ ಹೊಡದಾನ್ರೀ ಸಿಸ್ಟರ್. ಬ್ಯಾಡ ಅಂದ್ರೂ ಕೇಳಲಿಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಷ್ಟು ಹೊಡೆದಿದ್ದಾನೆ ಎಂದು ಕೇಳಿದೆ. ಆರಾದವು, ಏಳನೆಯದಕ್ಕೆ ಬಿದ್ದ ಅಂದಳು. ಆಕೆ ಹೇಳಿದ್ದು ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನ ಲೆಕ್ಕ. ನಾನು ಕೇಳಿಸಿಕೊಂಡಿದ್ದು ಮದ್ಯದ ಪಾಕೀಟಿನ ಲೆಕ್ಕ. ಹಾಡಹಗಲಿಗೇ ಆರು ಪಾಕೀಟೇ ಎಂದು ಆಕೆಯನ್ನೇ ಗದರಿಸಿದೆ. ಗಾಳಿ ಜೋರಿತ್ತು ಅಂದಳು ಆಕೆ. ಕುಡಿಯುವುದಕ್ಕೂ ಗಾಳಿಗೂ ಏನು ಸಂಬಂಧ ಎಂದು ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಕಣ್ಣಿಗೆ ಟಾರ್ಚ್ ಹಾಕಿ ನೋಡಲಿಲ್ಲ. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು ಎಂದು ಆಮೇಲೆ ಹೇಳಿದರು, ವಿಷ ಏರಿದವರ ಗುರುತೇ ಅದು. ಆಪರೇಷನ್ ಕೋಣೆಗೆ ಫೋನ್ ಮಾಡಿ, ಕುಡಿದು ಬಂದ ಕೇಸ್ ಸರ್ ಅಂದೆ. ಸಲೈನ್ ಹಚ್ಚಿರಿ, ಬರುತ್ತೇನೆ ಅಂದರು. ಹಚ್ಚಿದೆ. ಕೇಸ್ ಶೀಟಿನಲ್ಲೂ ಹಾಗೆಯೇ ಬರೆದೆ, ದುಂಡಗಿನ ಅಕ್ಷರದಲ್ಲಿ.

ಮುಕ್ಕಾಲು ಗಂಟೆಯ ಮೇಲೆ ನೆಲ ಒರೆಸಲು ಬಂದ ಆಯಾ ಆ ಮಂಚದ ಹತ್ತಿರ ನಿಂತುಬಿಟ್ಟಳು. ಆಕೆ ದಢೇಸುಗೂರಿನ ಗದ್ದೆಗಳಲ್ಲಿ ನಾಟಿ ಮಾಡುತ್ತ ಬೆಳೆದವಳು. ಮೂಗಿಗೆ ಸೆರಗು ಹಿಡಿದು ನನ್ನ ಕಡೆ ತಿರುಗಿದಳು.

“ಸಿಸ್ಟರ್, ಇದು ನೆಲ್ಲಿಗಿ ಹೊಡಿಯೋ ಎಣ್ಣಿ ವಾಸನಿ ಐತಲ್ರೀ.”

ಅವನ ಬಾಯಿಂದ ನೊರೆ ಬರುತ್ತಿತ್ತು. ತೊಡೆಯ ಮಾಂಸ ಚರ್ಮದೊಳಗೆ ಹುಳು ಹರಿದಂತೆ ತಾನೇ ತಾನಾಗಿ ಅದುರುತ್ತಿತ್ತು. ನಾನು ಕೂಗಿದೆನಂತೆ, ಏನು ಕೂಗಿದೆನೋ ನೆನಪಿಲ್ಲ. ಡಾಕ್ಟರು ಕೈಗವಸಿನಲ್ಲೇ ಓಡಿ ಬಂದರು. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟರು, ಮತ್ತೆ ಕೊಟ್ಟರು. ಆಂಬುಲೆನ್ಸ್ ಬಂತು, ರಾಯಚೂರಿಗೆ ಒಯ್ದರು. ಎಂಟು ದಿನ ಅವನು ಯಂತ್ರದಲ್ಲಿ ಉಸಿರಾಡಿದ. ಆ ಎಂಟು ದಿನ ನಾನೂ ಸರಿಯಾಗಿ ಉಸಿರಾಡಲಿಲ್ಲ.

ಬದುಕಿದ. ಈ ಒಂದು ಮಾತಿನ ಮೇಲೆ ನಾನು ಇವತ್ತಿಗೂ ನಿಂತಿದ್ದೇನೆ.

ಆದರೆ ಅವನು ಬದುಕುತ್ತಾನೋ ಇಲ್ಲವೋ ಗೊತ್ತಾಗುವ ಮೊದಲೇ ನನ್ನಿಂದ ಇನ್ನೊಂದು ಕೆಲಸ ಆಗಿಹೋಗಿತ್ತು. ಎರಡನೆಯ ದಿನ ಆ ಹೆಂಗಸಿನ ಅಣ್ಣ ಬಂದು ದವಾಖಾನೆಯ ಬಾಗಿಲಲ್ಲಿ ಗದ್ದಲ ಮಾಡಿದ. ಆಡಳಿತ ನೋಡುವವರು ನನ್ನನ್ನು ಒಳಗೆ ಕರೆದು ಬಿಳಿ ಹಾಳೆ ಕೊಟ್ಟರು. ನಡೆದದ್ದನ್ನು ಬರೆಯಿರಿ ಅಂದರು, ಹೇಗೆ ಬರೆಯಬೇಕೆಂದೂ ಹೇಳಿದರು. ನರ್ಸಿಂಗ್ ನೋಂದಣಿ ಹೋಗುತ್ತದೆ, ಕೇಸ್ ಆಗುತ್ತದೆ, ಮಗಳ ಮುಖ ಹೇಗೆ ನೋಡಲಿ ಎಂಬುದಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ‘ರೋಗಿ ಮದ್ಯಪಾನ ಮಾಡಿದ್ದಾನೆ ಎಂದು ಆತನ ಹೆಂಡತಿಯೇ ತಿಳಿಸಿದರು’ ಎಂದು ಬರೆದು ಸಹಿ ಹಾಕಿದೆ. ಆಕೆ ಹಾಗೆ ಹೇಳಿರಲಿಲ್ಲ. ಹೇಳಿದ ಹಾಗೆಯೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹಾಳೆ ತೆಗೆದುಕೊಂಡ ಮೇಲೆ, ನಾಳೆಯಿಂದ ಬರಬೇಡಿ ಅಂದರು. ಹನ್ನೊಂದು ವರ್ಷಕ್ಕೆ ಅಷ್ಟೇ ಮಾತು.

ಆಮೇಲೆ ಎಂಟು ತಿಂಗಳು ಲಿಂಗಸುಗೂರಿನ ಮನೆಯಲ್ಲಿ ಕುಳಿತೆ. ಕುಳಿತೆ ಅನ್ನುವುದು ಸುಳ್ಳು, ಹೆದರಿದೆ. ಹೆದರುವುದೇ ಇಡೀ ದಿನದ ಕೆಲಸವಾಯಿತು. ಮಗಳಿಗೆ ಜ್ವರ ಬಂದರೆ ಮಾತ್ರೆಯ ಹಾಳೆ ಹಿಡಿದುಕೊಂಡು ಹೆಸರನ್ನು ಐದು ಸಲ ಓದುತ್ತಿದ್ದೆ, ಆಮೇಲೆ ಗಂಡನ ಕೈಗೆ ಕೊಟ್ಟು ನೀವು ಓದಿರಿ ಅನ್ನುತ್ತಿದ್ದೆ. ಇವರು ಟೇಲರ್. ಬಾಯಲ್ಲಿ ದಾರ ಕಚ್ಚಿಕೊಂಡು ಓದುತ್ತಿದ್ದರು. ಜ್ವರದ ಮಾತ್ರೆಯೇ ಎಂದು ಅವರು ಹೇಳಿದ ಮೇಲೂ ಕೊಡಲು ಕೈ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಯಾರೋ ಎಣ್ಣಿ ಎಷ್ಟಾಗಿದೆ ಎಂದು ಸೇಂಗಾ ಎಣ್ಣೆಯ ದರ ಕೇಳಿದರೆ ನನ್ನ ಎದೆ ಧಸಕ್ ಅನ್ನುತ್ತಿತ್ತು. ಯಾರು ಏನು ಹೇಳಿದರೂ, ಏನಂದ್ರಿ, ಏನಂದ್ರಿ ಎಂದು ಮತ್ತೆ ಕೇಳುತ್ತಿದ್ದೆ. ಕಿವಿ ಮಂದ ಆಗಿದೆಯೇ ಎಂದು ಅತ್ತೆ ನೆರೆಮನೆಯವರ ಹತ್ತಿರ ವಿಚಾರಿಸಿದರಂತೆ.

ಓಣಿಯ ಮುದುಕಿಯರು ಮೊದಲಿನ ಹಾಗೆ ಬಿಪಿ ನೋಡು ಬಾ ಎಂದು ಬರುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ, ಮನೆಯಲ್ಲಿಲ್ಲ ಎಂದು ಮಗಳು ಹೇಳುತ್ತಿದ್ದಳು. ಸುಳ್ಳು ಹೇಳುವುದನ್ನು ಮಗಳಿಗೆ ಕಲಿಸಿದವಳು ನಾನೇ. ಒಂದು ದಿನ ಇವರು ಮಷೀನು ನಿಲ್ಲಿಸಿ ನನ್ನನ್ನು ಎದುರಿಗೆ ಕೂಡಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ, ಮಾತು ಮೆತ್ತಗಿತ್ತು.

“ನಾ ಎಷ್ಟು ಮಂದಿ ಬಟ್ಟಿ ಕೆಡಿಸೀನಿ, ಲೆಕ್ಕ ಐತೇನು? ಕತ್ತರಿ ಒಗದು ಕುಂತೀನೇನು ನಾ?”

ಕೆಟ್ಟ ಬಟ್ಟೆಗೆ ಹೆಂಡತಿ ಮಕ್ಕಳು ಇರುವುದಿಲ್ಲ ಅಂದೆ. ಮತ್ತೆ ಮಷೀನು ತುಳಿಯತೊಡಗಿದರು. ಆದರೆ ಮರುವಾರ ಅವರೇ ಸುದ್ದಿ ತಂದರು. ಮಸ್ಕಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದಾರೆ, ಅವರಿಗೆ ನರ್ಸ್ ಬೇಕಾಗಿದೆ. ಸಿಂಧನೂರಿನ ಕೆಲಸ ಯಾಕೆ ಬಿಟ್ಟಿರಿ ಎಂದು ಆ ಡಾಕ್ಟರು ಕೇಳಿದಾಗ, ದೂರ ಆಗುತ್ತಿತ್ತು ಸರ್ ಅಂದೆ. ಅವರು ನಂಬಿದರು. ಒಳ್ಳೆಯವರು ಬೇಗ ನಂಬುತ್ತಾರೆ, ಅದರಿಂದ ಇನ್ನೂ ಹೆದರಿಕೆ.

ಮಸ್ಕಿಯಲ್ಲಿ ನಾನು ಬೇರೆಯೇ ಹೆಂಗಸಾಗಿದ್ದೆ. ಗದರಿಸುವ ನಾಲಗೆ ಬಿದ್ದುಹೋಗಿತ್ತು. ತೂಕ ನೋಡುತ್ತಿದ್ದೆ, ಬಿಪಿ ನೋಡುತ್ತಿದ್ದೆ. ಸೂಜಿ ಹಾಕುವ ಮಾತು ಬಂದರೆ ಡಾಕ್ಟರ ಮುಖ ನೋಡುತ್ತಿದ್ದೆ. ರೋಗಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು, ಅವರಿಗೇ ಓದಿ ಹೇಳಿ, ಸರಿಯೇ ಎಂದು ಕೇಳುತ್ತಿದ್ದೆ. ಒಬ್ಬ ಗೌಡರು, ಇದೇನು ಸಾಕ್ಷಿ ಹೇಳಿಕೆಯೇನ್ರೀ ಸಿಸ್ಟರ್ ಎಂದು ನಕ್ಕರು. ನಾನೂ ನಕ್ಕೆ, ನಕ್ಕು ಉಳಿದದ್ದನ್ನೂ ಓದಿ ಹೇಳಿದೆ. ಸಂಜೆ ಲಿಂಗಸುಗೂರಿನ ಬಸ್ಸಿಗೆ ಕಾಯುವಾಗ ಎದುರಿನಿಂದ ಸಿಂಧನೂರಿನ ಬಸ್ಸು ಬಂದರೆ ಅದರ ಬೋರ್ಡಿನ ಕಡೆ ನೋಡುತ್ತಿರಲಿಲ್ಲ. ಒಂದು ವರ್ಷದಲ್ಲಿ ಒಮ್ಮೆಯೂ ಮಸ್ಕಿ ದಾಟಿ ಆ ಕಡೆಗೆ ಹೋಗಿರಲಿಲ್ಲ.

ಆಮೇಲೆ ಆಕೆ ಬಂದಳು.

ಬೆಳಗಿನ ಹನ್ನೊಂದರ ಸುಮಾರು. ಬೆಂಚಿನ ತುಂಬ ಜನ. ತಾಯಿಯ ಹೆಗಲು ಹಿಡಿದುಕೊಂಡು ಒಬ್ಬ ಹೆಂಗಸು ಒಳಗೆ ಬಂದು ತೂಕದ ಯಂತ್ರದ ಹತ್ತಿರ ನಿಂತಳು. ಆ ಮುಖವನ್ನು ನಾನು ಎರಡು ವರ್ಷದಿಂದ ದಿನವೂ ಕಾಣುತ್ತಿದ್ದೆ, ಕಣ್ಣು ಮುಚ್ಚಿದರೂ ಕಾಣುತ್ತಿದ್ದೆ. ಗೊರೇಬಾಳದ ಆ ಹೆಂಗಸೇ. ಮುಖಕ್ಕೆ ಮಾಸ್ಕ್ ಇತ್ತು, ಕೈಯಿಂದ ಅದನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ಆಕೆಗೆ ಗುರುತು ಸಿಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ತುಟಿ ಬೆಳ್ಳಗಾಗಿತ್ತು.

ಏನಾಗಿದೆ ಎಂದು ಕೇಳಿದೆ. ಆಕೆ ಉತ್ತರ ಕೊಡದೆ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟಳು. ನೋಟ್‌ಬುಕ್ಕಿನ ಹಾಳೆ. ‘ಹೊಟ್ಟೆ ನೋವು. ಮೂರು ದಿನದಿಂದ. ಊಟ ಸೇರುವುದಿಲ್ಲ’ ಎಂದು ಗಂಡಸಿನ ಕೈಬರಹದಲ್ಲಿ ಬರೆದಿತ್ತು. ನೋವು ಎಲ್ಲಿ, ಹೇಗೆ ಎಂದು ಮತ್ತೆ ಕೇಳಿದೆ. ಆಕೆ ಚೀಟಿಯ ಕಡೆಗೇ ಬೆರಳು ತೋರಿಸಿದಳು. ಮಾತು ಬರುವುದಿಲ್ಲವೇ ಎಂದು ಬೆಂಚಿನಲ್ಲಿದ್ದವರು ಯಾರೋ ಅಂದರು. ಆಗ ತಾಯಿ ಹೇಳಿದಳು, ಇಲ್ಲೇ ಮಸ್ಕಿ ಹತ್ತಿರದ ಹಳ್ಳಿ ತಮ್ಮದು, ಮಗಳು ತವರಿಗೆ ಬಂದಿದ್ದಾಳೆ, ಈ ಚೀಟಿ ಬರೆದವನು ಈಕೆಯ ಅಣ್ಣ. ಆಮೇಲೆ ದನಿ ತಗ್ಗಿಸಿದಳು.

“ದವಾಖಾನ್ಯಾಗ ಇಕಿ ಬಾಯಿ ತಗಿಯಂಗಿಲ್ರೀ ಯವ್ವಾ. ಹಿಂದಕೊಮ್ಮಿ ತಪ್ಪು ಮಾತಾಡಿ ಗಂಡನ ಜೀವಾನ ಹೋಗೂದಿತ್ತು. ನೀನ ಕುಡದಾನ ಅಂದಿ ಅಂತ ಕಾಗದದಾಗ ಬರದು ತೋರಿಸಿದ್ರಂತ. ಮನ್ಯಾಗ ಎಲ್ಲಾರೂ ಇಕಿನ್ನ ಬೈತಾರ.”

ಕಾಗದ. ನನ್ನ ಸಹಿಯ ಕಾಗದ. ಅದು ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ ಅಂದುಕೊಂಡಿದ್ದೆ. ಗಲಾಟೆ ಮಾಡಿದ ಅಣ್ಣನ ಬಾಯಿಯನ್ನು ದವಾಖಾನೆಯವರು ಅದನ್ನೇ ತೋರಿಸಿ ಮುಚ್ಚಿಸಿದ್ದರು. ಆ ಅಣ್ಣ ಮನೆಗೆ ಹೋಗಿ ತಂಗಿಯ ಬಾಯಿ ಮುಚ್ಚಿಸಿದ್ದ. ಎರಡು ವರ್ಷದಿಂದ ನಾನು ನನ್ನ ಕಿವಿಗೆ ಹೆದರುತ್ತಿದ್ದೆ. ಈಕೆ ತನ್ನ ನಾಲಗೆಗೆ ಹೆದರುತ್ತಿದ್ದಳು, ಅದೂ ನಾನು ಬರೆದ ಒಂದು ಸಾಲಿನಿಂದ.

ಡಾಕ್ಟರು ಚೀಟಿ ನೋಡಿ ಹೊಟ್ಟೆ ಮುಟ್ಟಿದರು. ಆಕೆ ಎಲ್ಲಿ ಒತ್ತಿದರೂ ಹಲ್ಲು ಕಚ್ಚುತ್ತಿದ್ದಳು. ಇನ್ನೇನಾದರೂ ಇದೆಯೇ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದರು. ಆಕೆ ಚೀಟಿ ತೋರಿಸಿದಳು. ಅಣ್ಣ ಬರೆದ ಚೀಟಿಯಲ್ಲಿ ಅದೆಲ್ಲಿರುತ್ತದೆ? ಯಾವ ಹೆಂಗಸು ಅಣ್ಣನಿಗೆ ಅದನ್ನು ಹೇಳಿ ಬರೆಸುತ್ತಾಳೆ? ನಾಡಿ ಹಿಡಿದೆ, ಓಡುತ್ತಿತ್ತು. ಬಿಪಿ ನೋಡಿದೆ, ಎರಡು ಸಲ ನೋಡಿದೆ, ಎರಡು ಸಲವೂ ಕೆಳಗಿತ್ತು. ಈಕೆ ಇವತ್ತು ಬಾಯಿ ಬಿಡದಿದ್ದರೆ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ತಲೆಯನ್ನು ನಾನು ನಂಬಿ ಬಹಳ ದಿನವಾಗಿತ್ತು.

ಮಾಸ್ಕ್ ಹಾಗೆಯೇ ಇರಲಿ, ಸುಮ್ಮನಿರು ಎಂದು ಒಳಗಿನಿಂದ ಒಂದು ದನಿ. ಡಾಕ್ಟರು ಎದುರಿಗಿದ್ದಾರೆ, ಅವರಿಗೆ ಹೇಳಿದ ಸುಳ್ಳು ಬಯಲಾಗುತ್ತದೆ. ತಾಯಿ ಹೋಗಿ ಮಗನಿಗೆ ಹೇಳುತ್ತಾಳೆ, ಅವನು ಕೋರ್ಟಿಗೆ ಹೋಗುತ್ತಾನೆ. ಮತ್ತೆ ಹಿತ್ತಲು, ಮತ್ತೆ ಮನೆಯಲ್ಲಿಲ್ಲ ಎಂದು ಹೇಳುವ ಮಗಳು. ಇದೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ತಲೆಯಲ್ಲಿ ಬಂದು ಹೋಯಿತು. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆಕೆಯ ಮಂಚದ ಪಕ್ಕ ಕೆಳಗೆ ಕುಳಿತೆ. ಮಾಸ್ಕ್ ತೆಗೆದೆ.

ಆಕೆ ನೋಡಿದಳು. ಗುರುತು ಹತ್ತಿದ್ದು ಕಣ್ಣಿನಲ್ಲಿ ಕಂಡಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ನೀ ತಪ್ಪು ಹೇಳಿರಲಿಲ್ಲ ಯವ್ವಾ” ಅಂದೆ. “ನೀ ಎಣ್ಣಿ ಹೊಡದಾನ ಅಂದಿ. ಗಾಳಿ ಜೋರಿತ್ತು ಅಂತನೂ ಅಂದಿ. ನಾ ಕೇಳಲಿಲ್ಲ. ಆ ಕಾಗದ ನಾ ಬರದದ್ದು. ಅದು ಸುಳ್ಳು.”

ತಾಯಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಡಾಕ್ಟರ ಕಡೆ ತಿರುಗಿ ನೋಡುವ ತಾಕತ್ತು ನನಗಿರಲಿಲ್ಲ. ಬೈಯುತ್ತಾಳೆ, ಉಗುಳುತ್ತಾಳೆ, ಏನಾದರೂ ಮಾಡಲಿ ಎಂದು ತಲೆ ತಗ್ಗಿಸಿ ಕುಳಿತಿದ್ದೆ. ಆಕೆ ಅಳಲೂ ಇಲ್ಲ. ಆಮೇಲೆ ಆಕೆ ಮಾತಾಡಿದಳು, ನನ್ನ ಜೊತೆಯಲ್ಲ, ಡಾಕ್ಟರ ಜೊತೆ.

ಎರಡು ತಿಂಗಳಾಯಿತು, ಹೊರಗಾಗಿಲ್ಲ ಅಂದಳು. ನಿನ್ನೆಯಿಂದ ಸ್ವಲ್ಪ ಸ್ವಲ್ಪ ಕೆಂಪು ಕಾಣುತ್ತಿದೆ. ನೋವು ಮೊದಲು ಬಲಗಡೆ ಕೆಳಗಿತ್ತು, ಈಗ ಹೊಟ್ಟೆಯೆಲ್ಲ. ಮುಂಜಾನೆ ಹಿಟ್ಟು ನಾದುವಾಗ ಕಣ್ಣು ಕತ್ತಲಾಗಿ ಬಿದ್ದೆ. ಹೆಗಲಿನ ತುದಿಗೂ ಯಾಕೋ ಕುಟುಕುತ್ತಿದೆ. ಒಂದೊಂದನ್ನೂ ನಿಲ್ಲಿಸಿ, ತೂಗಿ, ಹೆದರುತ್ತ ಹೇಳಿದಳು. ನಾನು ನೆಲದ ಮೇಲೆ ಕುಳಿತೇ ಬರೆದುಕೊಂಡೆ, ಆಕೆಯ ಮಾತುಗಳಲ್ಲೇ. ಬರೆದದ್ದನ್ನು ಓದಿ ಹೇಳಿದೆ. ಆಕೆ ತಲೆಯಾಡಿಸಿದಳು, ಒಂದು ಕಡೆ ತಿದ್ದಿದಳು.

ಬಸಿರು ಗರ್ಭಚೀಲದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತಿರಬಹುದು, ಒಡೆದಿರಲೂಬಹುದು ಎಂದು ಡಾಕ್ಟರು ಅಂದರು. ಒಂದು ಗಳಿಗೆಯೂ ತಡ ಮಾಡುವ ಹಾಗಿಲ್ಲ, ಆಪರೇಷನ್ ಬೇಕು, ಸಿಂಧನೂರಿಗೆ ಕಳಿಸಬೇಕು. ಆಂಬುಲೆನ್ಸಿಗೆ ಅವರೇ ಫೋನ್ ಮಾಡಿದರು. ಸೂಜಿ ಚುಚ್ಚಿ ಸಲೈನ್ ಹಚ್ಚಿರಿ ಅಂದರು. ಯಾರಿಗೆ ಹೇಳಿದರೋ ಎಂದು ನೋಡಿದೆ, ಅಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ನರ ಬಾಡಿಹೋಗಿತ್ತು. ಮೊದಲ ಸಲ ತಪ್ಪಿತು. ಆಕೆ ಕೈ ಎಳೆದುಕೊಳ್ಳಲಿಲ್ಲ. ಎರಡನೆಯ ಸಲ ಸಿಕ್ಕಿತು. ವಾಹನ ಬಂದಾಗ ಡಾಕ್ಟರು ನನ್ನ ಮುಖವನ್ನೇ ನೋಡಿ ಮಾತಾಡಿದರು.

“ನೀವ ಹೋಗ್ರಿ ಆಕಿ ಜೊತಿ. ಉಳಿದದ್ದು ಆಮ್ಯಾಲ ಮಾತಾಡೋಣು.”

ಆ ‘ಆಮ್ಯಾಲ’ ಎದೆಯಲ್ಲಿ ಕಲ್ಲಿನ ಹಾಗೆ ಕುಳಿತಿತ್ತು. ಆದರೆ ಆಂಬುಲೆನ್ಸಿನಲ್ಲಿ ಅದಕ್ಕೆ ಪುರುಸೊತ್ತು ಇರಲಿಲ್ಲ. ನಾಡಿ ಎಣಿಸುತ್ತ, ಬಾಟಲಿ ಎತ್ತಿ ಹಿಡಿದುಕೊಂಡು, ಎರಡು ವರ್ಷದಿಂದ ನೋಡದ ದಾರಿಯಲ್ಲಿ ಹೋದೆ. ದಾರಿ ನೋಡಲೂ ಇಲ್ಲ. ಆಕೆಯ ಕಣ್ಣು ಮುಚ್ಚಿಕೊಂಡಾಗಲೆಲ್ಲ ಮಾತಾಡಿಸುತ್ತಿದ್ದೆ, ಆಕೆ ಹೂಂ ಅನ್ನುತ್ತಿದ್ದಳು. ತಾಯಿ ಒಂದು ಮೂಲೆಯಲ್ಲಿ ಕುಳಿತು ಶಿವ ಶಿವಾ ಅನ್ನುತ್ತಿದ್ದಳು. ಸಿಂಧನೂರಿನ ಹತ್ತಿರ ಬಂದಾಗ ಆಕೆ ಕಣ್ಣು ತೆರೆದು, ಅಲ್ಲಿ ನೀವೇ ಹೇಳಿರಿ, ನನ್ನ ಕೈಲಿ ಆಗುವುದಿಲ್ಲ ಅಂದಳು.

ಹೇಳುವುದು ನನಗೆ ಸುಲಭವಿತ್ತು, ಬೇಗವೂ ಆಗುತ್ತಿತ್ತು, ಆದರೆ ಆಕೆಯ ಮಾತನ್ನು ಮತ್ತೆ ನಾನು ಆಡಲು ಒಪ್ಪಲಿಲ್ಲ. ನಾನು ಡಾಕ್ಟರ ಚೀಟಿ ಕೊಡುತ್ತೇನೆ, ನೀನೂ ಹೇಳು, ಬಿಟ್ಟದ್ದನ್ನು ನಾನು ಸೇರಿಸುತ್ತೇನೆ ಅಂದೆ. ಸರಿ ಮಾಡುತ್ತಿದ್ದೇನೋ, ಮತ್ತೊಂದು ತಪ್ಪು ಮಾಡುತ್ತಿದ್ದೇನೋ ನನಗೆ ಗೊತ್ತಿರಲಿಲ್ಲ.

ಸಿಂಧನೂರಿನಲ್ಲಿ ಅದು ಬೇರೆ ಆಸ್ಪತ್ರೆ, ನಾನು ಕೆಲಸ ಮಾಡಿದ್ದಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ಇಪ್ಪತ್ತೆರಡರ ಹುಡುಗಿ. ಚೀಟಿ ಓದಿದಳು, ಡಾಕ್ಟರಿಗೆ ಸುದ್ದಿ ಕಳಿಸಿದಳು, ಫಾರಂ ತೆಗೆದು ಏನಾಗಿದೆ ಎಂದು ಕೇಳಿದಳು. ಸ್ಟ್ರೆಚರಿನ ಮೇಲೆ ಮಲಗಿದ್ದಂತೆಯೇ ಆಕೆ ಎಲ್ಲವನ್ನೂ ಹೇಳಿದಳು, ಮಸ್ಕಿಯಲ್ಲಿ ಹೇಳಿದ್ದಕ್ಕಿಂತ ಬೇಗ. ನಾನು ಸೇರಿಸುವಂಥದ್ದು ಏನೂ ಉಳಿದಿರಲಿಲ್ಲ. ಹುಡುಗಿ ಬರೆದುಕೊಂಡು, ಜೊತೆಗೆ ಬಂದವರು ಯಾರು ಎಂಬ ಸಾಲಿಗೆ ಬಂದಳು. ತಾಯಿಯ ಹೆಸರು ಬರೆದು, ನನ್ನ ಕಡೆ ಪೆನ್ನು ತೋರಿಸಿ, ಇವರು ನಿಮಗೆ ಏನಾಗಬೇಕು ಎಂದು ಆಕೆಯನ್ನು ಕೇಳಿದಳು.

“ಇವರಿಂದ ನನ್ನ ಗಂಡ ಸಾಯೂದಿತ್ರೀ” ಅಂದಳು ಆಕೆ. “ಇವತ್ತು ನನ್ನ ಕರಕೊಂಡು ಬಂದಾರ.”

ಹುಡುಗಿಯ ಪೆನ್ನು ನಿಂತಿತು. ನನ್ನ ಮುಖ ನೋಡಿದಳು.

“ಹೌದು, ಖರೇ” ಅಂದೆ. ಆಪರೇಷನ್ ಕೋಣೆಯ ಬಾಗಿಲು ತೆರೆದರು, ನಾನು ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದು ಸ್ಟ್ರೆಚರಿನ ಜೊತೆ ನಡೆದೆ.